ಹತ್ತು ಗ್ರಾಂ

ಪಟ್ಟಿಯಲ್ಲಿ ಹದಿನಾಲ್ಕು ಸಾಮಾನು.
ಹಿಂದಿನ ಬ್ಯಾಚಿನ ಯಾರೋ
ಜೆರಾಕ್ಸಿನ ಜೆರಾಕ್ಸು ಮಾಡಿ ಬಿಟ್ಟುಹೋದದ್ದು,
ಎಂಟನೆಯ ಸಾಲು ಮಡಿಕೆಯಲ್ಲಿ ಅಳಿಸಿಹೋಗಿದೆ.

ಡೂಮ್ ಲೈಟ್ ಸರ್ಕಲ್ಲಿನ ಆಚೆ, ಬೇಕರಿಯ ಮೇಲೆ,
ಸರ್ಜಿಕಲ್ ಅಂಗಡಿ. ಮೆಟ್ಟಿಲು ಕಿರಿದು.
ಅಪ್ಪ ಬರುವುದಿಲ್ಲ ಎಂದಿದ್ದ; ಬಂದ.
ಚಪ್ಪಲಿ ಬಾಗಿಲಲ್ಲೇ ಬಿಟ್ಟ,
ಬಿಡಬೇಕಿಲ್ಲ ಅಂದರೂ.

'ಮಾನೋಫಿಲಮೆಂಟ್ ಹತ್ತು ಗ್ರಾಮಿಂದು ತಾನೆ?'
ಅಂಗಡಿಯ ಹುಡುಗ ಕೇಳಿದ.
ಅಪ್ಪ ನನ್ನ ಮುಖ ನೋಡಿದ.
ಕೋಲಾರದಲ್ಲಿ ಹತ್ತು ಗ್ರಾಂ ಅಂದರೆ ಒಂದೇ ಅರ್ಥ.
ಅಮ್ಮನ ಸರ ಅದೇ ತೂಕದ್ದು, ಹೋದ ವಾರದಿಂದ
ಗಿರವಿ ಅಂಗಡಿಯ ಕಬ್ಬಿಣದ ಬೀರುವಿನಲ್ಲಿದೆ.

ಹುಡುಗ ತೆಗೆದುಕೊಟ್ಟದ್ದು ಒಂದು ಕಡ್ಡಿ,
ತುದಿಯಲ್ಲಿ ಗಾಳದ ದಾರದಂಥ ಎಳೆ.
ಚರ್ಮಕ್ಕೆ ಒತ್ತಿದರೆ ಬಾಗುತ್ತದೆ,
ಬಾಗುವುದಕ್ಕೆ ಬೇಕಾದ ಭಾರ ಹತ್ತು ಗ್ರಾಂ.
ಅಷ್ಟೂ ತಿಳಿಯದ ಪಾದ
ಮುಳ್ಳನ್ನೂ ತಿಳಿಯದು.

'ಇದಕ್ಕಾ' ಅಂದ ಅಪ್ಪ.

ಆಮೇಲೆ ಉಗುರಿನ ನಿಪ್ಪರ್.
ಅಲ್ಲಿಯವರೆಗೆ ಗೋಡೆಗೆ ಒರಗಿದ್ದವ ಕೈ ಚಾಚಿದ.
ಟ್ಯೂಬ್‌ಲೈಟಿಗೆ ಹಿಡಿದ. ಎರಡು ಬಾಯಿ ಕೂಡುವಲ್ಲಿ
ಕೂದಲೆಳೆ ಬೆಳಕು ನುಸುಳಿತು.
'ಇದು ಕಚ್ಚಲ್ಲ, ಜಗಿಯತ್ತೆ. ಬೇರೆ ಕೊಡಪ್ಪ.'
ಮೂರನ್ನು ಪಕ್ಕಕ್ಕಿಟ್ಟ. ನಾಲ್ಕನೆಯದನ್ನು
ಕಿವಿಯ ಹತ್ತಿರ ಒತ್ತಿ ಸ್ಪ್ರಿಂಗು ಕೇಳಿಸಿಕೊಂಡ.
'ನೀವೂ ಡಾಕ್ಟರಾ ಸಾರ್?' ಹುಡುಗನಿಗೆ ಕುಚೇಷ್ಟೆ ಇರಲಿಲ್ಲ.
ಅಪ್ಪ ನಕ್ಕ. ಆ ನಗು ನನಗೆ ಇಷ್ಟವಾಗಲಿಲ್ಲ.

ನಮ್ಮ ಮನೆಯಲ್ಲೂ ಒಂದು ಚೀಲ ಇತ್ತು.
ಹಡಪ. ತಾತನದು, ಆಮೇಲೆ ಅಪ್ಪನದು.
ಕತ್ತಿ, ಮಸೆಗಲ್ಲು, ಹಿತ್ತಾಳೆಯ ಗಿಂಡಿ, ಉಗುರುಗತ್ತಿ.
ವೇಮಗಲ್ಲಿನ ಕಡೆಯ ಹಳ್ಳಿಗಳಲ್ಲಿ
ಜಗಲಿಯ ಮೇಲೆ ಅವರು, ಕೆಳಗೆ ಇವನು,
ಕುಕ್ಕರಗಾಲಲ್ಲಿ, ಅವರ ಪಾದ ಇವನ ತೊಡೆಯ ಮೇಲೆ.
ಸುಗ್ಗಿಗೆ ಒಂದು ಮೊರ ರಾಗಿ.
ಒಂದು ದಿನ, ಯಾವ ಮನೆ ಅಂತ ಇವತ್ತಿಗೂ ಹೇಳಿಲ್ಲ,
ಅರ್ಧ ಉಗುರು ಹಾಗೇ ಬಿಟ್ಟು ಎದ್ದು ಬಂದ.
ಗಲ್‌ಪೇಟೆಯಲ್ಲಿ ತಿರುಗುವ ಕುರ್ಚಿ ಹಾಕಿದ.
'ನನ್ನ ಮಕ್ಕಳು ಯಾರ ಕಾಲ ಬುಡದಲ್ಲೂ ಕೂರಲ್ಲ'
ಅಂದದ್ದು ಅಮ್ಮನಿಗೆ ಬಾಯಿಪಾಠ.

ಸೋಮವಾರ, ಎಂಟೂವರೆ. ಟಮಕದ ಆಸ್ಪತ್ರೆ, ಪಾದದ ಓಪಿಡಿ.
ನಮಗೆ ಸ್ಟೂಲು. ರೋಗಿಯ ಕುರ್ಚಿಗಿಂತ
ಒಂದು ಗೇಣು ಕೆಳಗೆ.
ಕಣ್ಣಲ್ಲೇ ಅಳೆದೆ.

ಮೊದಲ ಪಾದ ಮುನಿರತ್ನಮ್ಮನದು.
ಟೊಮೊಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ,
ಹದಿನೇಳು ವರ್ಷದ ಸಕ್ಕರೆ.
ಬೆರಳ ಸಂದಿಯಲ್ಲಿ ಬೀಜ ಒಣಗಿ ಅಂಟಿತ್ತು.
ಚಪ್ಪಲಿಯೊಳಗೆ ಸೋಡಾ ಬಾಟಲಿಯ ಮುಚ್ಚಳ,
ಎಷ್ಟು ದಿನದಿಂದಲೋ; ಅದರ ಹಲ್ಲುಗಳು
ಹಿಮ್ಮಡಿಯ ಮೇಲೆ, ಮಕ್ಕಳು ಬಿಡಿಸುವಂಥ
ಒಂದು ಸೂರ್ಯನನ್ನು ಬಿಡಿಸಿದ್ದವು.
'ಅಯ್ಯೋ, ಇದೆಲ್ಲಿತ್ತಮ್ಮಾ' ಅಂತ ನಕ್ಕಳು.

ಕಣ್ಣು ಮುಚ್ಚಿ. ತಾಗಿದಾಗ ಹೂಂ ಅನ್ನಿ.
ಎಳೆ ಬಾಗಿತು. ಹೆಬ್ಬೆರಳು: ಹೂಂ.
ಮೂರನೆಯ ಬೆರಳು: ಹೂಂ.
ಹಿಮ್ಮಡಿ, ಆ ಸೂರ್ಯನ ಪಕ್ಕ: ಹೂಂ.
ಎಳೆಯನ್ನು ಗಾಳಿಯಲ್ಲಿ ಹಿಡಿದು ಸುಮ್ಮನೆ ಕೂತೆ.
ಹೂಂ, ಅಂದಳು.
ಸ್ವಲ್ಪ ಹೊತ್ತಾಗಿ ಮತ್ತೆ, ಹೂಂ.

'ನಾನು ಮುಟ್ಟೇ ಇಲ್ಲವಲ್ಲ.'
'ಮೊದಲ್ನೇ ದಿನ ಅಂತಿದ್ರು ಆಚೆ. ಇಲ್ಲ ಅಂದ್ರೆ
ನಿಂಗೆ ಬೇಜಾರಾಗ್ತದೇನೋ ಅಂತ.'

ಹತ್ತು ಜಾಗ. ಏಳರಲ್ಲಿ ಯಾರೂ ಇಲ್ಲ.
ಕಾಗದದ ಪಾದದ ಮೇಲೆ ಏಳು ಸೊನ್ನೆ ಸುತ್ತಿದೆ.
ಉಗುರು ತೆಗೆಯಲು ಪಾದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರೆ
ಸರಕ್ಕನೆ ಎಳೆದುಕೊಂಡಳು: 'ಬೇಡ ತಾಯಿ, ಕಾಲು.'
'ಕಾಲೇ ಬೇಕಾಗಿರೋದು' ಅಂದೆ.
ಅಪ್ಪ ಆರಿಸಿದ ನಿಪ್ಪರ್ ಕಚ್ಚಿತು, ಸದ್ದಿಲ್ಲದೆ.

ರಾತ್ರಿ ಊಟವಾದ ಮೇಲೆ
ನನ್ನ ಚೀಲ ಬಿಚ್ಚಿ ಅದರ ಕೀಲಿಗೆ ಎಣ್ಣೆ ಬಿಡುತ್ತಿದ್ದ.
'ಬೇಡಪ್ಪ, ನಾಳೆ ಅದು ಆಟೋಕ್ಲೇವಿಗೆ ಹೋಗತ್ತೆ.'
ಕೇಳಿಸಲಿಲ್ಲವೇನೋ.
'ಕೂರೋಕೆ ಏನು ಕೊಟ್ಟಿದ್ರು?'
'ಸ್ಟೂಲು.'
'ಎಷ್ಟೆತ್ತರ?'

ಹೇಳಿದೆ, ಒಂದು ಗೇಣು ಸೇರಿಸಿ.

'ಹೂಂ' ಅಂದ.