ಆರಕ್ಕೆ ಮುಚ್ಚುವ ಬಾಗಿಲು

ಏಳನೇ ಕ್ಲಾಸಿನ ಗಣಿತ ಪುಸ್ತಕವನ್ನು
ಜುಲೈ ಕಳೆಯುವ ಮೊದಲೇ ಮುಗಿಸಿ ಮುಬೀನಾ
ಹಿಂದಿನ ರಟ್ಟಿನ ಮೇಲೆ ಪೆನ್ಸಿಲಲ್ಲಿ ಬರೆದಿದ್ದಳು:
ಪುಟ ಎಂಬತ್ತೇಳು, ಮೂರನೇ ಲೆಕ್ಕ, ಉತ್ತರ ತಪ್ಪು.
ನಾನು ಮಾಡಿ ನೋಡಿದೆ. ಎರಡು ಸಲ.
ತಪ್ಪೇ.
ಐದು ವರ್ಷದಿಂದ ಆ ಉತ್ತರಕ್ಕೆ
ಕೆಂಪು ಶಾಯಿಯಲ್ಲಿ ಸರಿ ಹಾಕುತ್ತ ಬಂದಿದ್ದೆ.

ಭಾನುವಾರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಅವಳಪ್ಪ ಗೌಸ್ ಪೀರ್, ದರ ಹಾಕುವ ಮೊದಲು,
ಒಂದು ಹಿಡಿ ಗೂಡು ಮಗಳ ಕೈಗೆ ಸುರಿಯುತ್ತಾನೆ.
ಕಿವಿಯ ಹತ್ತಿರ ಅಲ್ಲಾಡಿಸಿ
"ಏಳೂಕಾಲು ಬೀಳುತ್ತೆ ಅಬ್ಬಾ" ಅನ್ನುತ್ತಾಳೆ,
ಒಂದು ಕೆಜಿ ನೂಲಿಗೆ ಏಳೂಕಾಲು ಕೆಜಿ ಗೂಡು.
ಬಾಣಲೆಯಿಂದ ಎಳೆದು ತೂಗಿದರೆ ಏಳು ಇನ್ನೂರು.
ಆ ಐವತ್ತು ಗ್ರಾಮಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ ಹುಡುಗಿಗೆ.

"ಒಂದು ಕ್ಲಾಸು ದಾಟಿಸಿಬಿಡೋಣ ಸಾರ್" ಅಂದೆ.
ಹೆಡ್ಮಾಸ್ಟರ್ ಮುನಿಶಾಮಪ್ಪ ಕನ್ನಡಕ ಒರೆಸಿದರು:
"ವಯಸ್ಸು ಕಂಪ್ಯೂಟರಿನೊಳಗಿದೆ ಮೇಡಂ,
ಅದಕ್ಕೆ ಹಾರೋದು ಬರಲ್ಲ."

ನವೋದಯ ಆರಕ್ಕೆ. ಮೊರಾರ್ಜಿ ಆರಕ್ಕೆ. ಆದರ್ಶವೂ ಆರಕ್ಕೆ.
ನಮ್ಮ ಕಡೆ ಬಾಗಿಲುಗಳೆಲ್ಲ
ಆರಕ್ಕೆ ತೆರೆದು ಆರಕ್ಕೇ ಮುಚ್ಚುತ್ತವೆ.
ಅವಳು ಐದರಲ್ಲಿದ್ದಾಗ ಅರ್ಜಿ ತುಂಬಬೇಕಾದವರು ಯಾರು?
ಬೀರು ತೆಗೆದು ಹಳೆಯ ಹಾಜರಿ ಪುಸ್ತಕ ಹುಡುಕಿದೆ.
ಕ್ಲಾಸ್ ಟೀಚರ್ ಅನ್ನುವ ಕಡೆ
ನನ್ನದೇ ಸಹಿ.

ಎಂಟಕ್ಕೊಂದು ವಿದ್ಯಾರ್ಥಿವೇತನದ ಪರೀಕ್ಷೆ ಉಂಟು.
ಒಂಬತ್ತಕ್ಕೆ ನವೋದಯದ ಕಿಟಕಿ, ಯಾರಾದರೂ ಬಿಟ್ಟುಹೋಗಿದ್ದರೆ.
ಚಿಂತಾಮಣಿಯ ಖಾಸಗಿ ಶಾಲೆಯವರು ಫೀಸೇ ಬೇಡ ಅಂದರು,
ಫೋಟೋ ಮಾತ್ರ ಸ್ಕೂಲ್ ಬಸ್ಸಿನ ಹಿಂದೆ ಹಾಕ್ತೀವಿ.
"ಹಿಂದೆ ಅಂದರೆ ಹೊಗೆ ಬರೋ ಕಡೆಯಾ?"
ಕೇಳಿದ್ದು ಅವಳ ತಾಯಿ.

ಕಾಗದದ ಎರಡೂ ಮಗ್ಗುಲು ಬರೆದುಕೊಂಡು ಅವಳ ಮುಂದೆ ಕೂತೆ.
ನಮಗೆ, ಮೇಷ್ಟ್ರುಗಳಿಗೆ, ಹೋಲಿಕೆಯ ಚಟ.
"ನೋಡು ಮುಬೀನಾ, ಗೂಡಿನೊಳಗಿನ ಹುಳ ಚಿಟ್ಟೆಯಾಗಿ…"
"ಹೊರಗೆ ಬಂದರೆ ಎಳೆ ತುಂಡಾಗುತ್ತೆ ಮಿಸ್,
ತೂತು ಗೂಡು ಅರ್ಧ ಬೆಲೆಗೂ ಹೋಗಲ್ಲ.
ಬರದೆ ಇದ್ದರೆ ಬೇಯುತ್ತೆ.
ಹೋಲಿಕೆ ಬೇಡ."

ಸರಿ. ನಿನಗೇನು ಬೇಕು?

"ನಾನು ತಪ್ಪು ಅಂತ ಹೇಳೋರು ಒಬ್ಬರು.
ಒಂದ್ಸಲ ಬೇಕಂತಲೇ ತಪ್ಪು ಉತ್ತರ ಬರೆದೆ ಮಿಸ್.
ಮೂವತ್ತೊಂದು ಜನವೂ ಅದನ್ನೇ ಬರಕೊಂಡರು.
ನೀವೂ ಸರಿ ಹಾಕಿದಿರಿ."

ಈಗ ಶನಿವಾರ, ಹಾಲಿನ ಪಾತ್ರೆ ತೊಳೆದಾದ ಮೇಲೆ,
ಅಡುಗೆ ಕೋಣೆಯ ಜಗುಲಿಯಲ್ಲಿ ನಾಲ್ವರು.
ಮೇಲೂರಿನ ಅಕ್ಕತಂಗಿಯರಿಬ್ಬರು, ಚದುರಂಗದ ಹುಚ್ಚಿನವರು.
ಜಂಗಮಕೋಟೆಯಿಂದ ಬಸ್ಸಿನಲ್ಲಿ ಬರುವ ಪಿಳ್ಳರಾಜ:
ಕನ್ನಡದಲ್ಲಿ ಹದಿನೈದು ನಂಬರು, ಒತ್ತಕ್ಷರ ಕಂಡರೆ ಬೆವರು,
ಅವನ ಶಾಲೆಯಲ್ಲಿ ಅವನ ಹೆಸರೇ ದಡ್ಡ;
ತೆಲುಗಿನಲ್ಲಿ ಯೋಚಿಸಿ, ನೆಲದ ಧೂಳಿನಲ್ಲಿ ಗೆರೆ ಎಳೆದು,
ಯಾವುದೋ ಹಿತ್ತಲ ದಾರಿಯಿಂದ ಉತ್ತರಕ್ಕೆ ಬಂದು ನಿಲ್ಲುತ್ತಾನೆ.
ಇದಕ್ಕೆ ಯೋಜನೆಯಿಲ್ಲ, ಅನುದಾನವಿಲ್ಲ, ವರದಿಯೂ ಇಲ್ಲ.
ನನಗೇ ಉತ್ತರ ಗೊತ್ತಿಲ್ಲದ ಒಂದು ಲೆಕ್ಕ ತರುತ್ತೇನೆ, ಅಷ್ಟೆ.

ಮೊನ್ನೆ ಮುಬೀನಾ ಬರೆದು ಮುಗಿಸಿ ಚಾಕ್ ಕೆಳಗಿಟ್ಟಳು.
"ಕಾದಕ್ಕಾ" ಅಂದ ಪಿಳ್ಳರಾಜ, ತಲೆಯೆತ್ತದೆ.
ಮುಖ ಕೆಂಪಾಯಿತು. ನಾನು ಉಸಿರು ಹಿಡಿದೆ.
"ಎಲ್ಲಿ?" ಅಂದವಳೇ
ಲಂಗ ಒಟ್ಟುಮಾಡಿಕೊಂಡು ಧೂಳಿನ ಪಕ್ಕಕ್ಕೆ ಜರುಗಿ ಕೂತಳು.

ಸೋಮವಾರ ತಾಲ್ಲೂಕು ಕಚೇರಿಗೆ ಹೋಗಬೇಕು.
ಆಧಾರಿನಲ್ಲಿ ಅವಳಪ್ಪನ ಹೆಸರು ಒಂದು ಥರ,
ಆದಾಯದ ಪತ್ರದಲ್ಲಿ ಇನ್ನೊಂದು ಥರ.
ಕೌಂಟರು ಎಷ್ಟಕ್ಕೆ ಮುಚ್ಚುತ್ತೆ, ಕೇಳಿಕೊಂಡು ಬಂದಿದ್ದೇನೆ:
ಐದೂವರೆಗೆ.