ಇಲ್ಲಿ ನೀರು ತಡ

ಮಂಡ್ಯದ ನೀರಾವರಿ ಕಚೇರಿ, ರಾತ್ರಿ ಹನ್ನೊಂದೂಕಾಲು.
ಕಾರ್ಖಾನೆ ಕಡೆಯಿಂದ ಕಾಕಂಬಿಯ ವಾಸನೆ
ಒಡೆದ ಗಾಜಿನ ಕಿಟಕಿಯಲ್ಲಿ ನೇರ ಒಳಕ್ಕೆ.
ಬೀರುವಿನ ಮೇಲೆ ರೂಟರ್, ಅದರ ಮೇಲೆ ಒಂದು ಸತ್ತ ಹಲ್ಲಿ,
ಹಲ್ಲಿಯ ಮೇಲೆ ಧೂಳು.
ನೀಲಿ ತಂತಿ ಚುಚ್ಚಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು
ಫೈಲ್ ಎಂದು ಬರೆದೆ. ಸಾಲಿನ ತುದಿಯ ಗುರುತು ಬದಲಾಯಿತು,
ಹೊಸಿಲು ದಾಟಿ ಉಗ್ರಾಣಕ್ಕೆ ಕಾಲಿಟ್ಟ ಹಾಗೆ.
ಡಿರ್ ಅಂದೆ.
ಏನೇನಿದೆ ಒಳಗೆ, ತೋರಿಸು.

ತೋರಿಸಿತು. ಏಳು ಕಡತ. ಏಳಕ್ಕೂ ಒಂದೇ ದಿನ:
ಮಾರ್ಚ್ ಒಂದು, ತೊಂಬತ್ತಮೂರು.
ಗಡಿಯಾರ ಯಾರೂ ಇಟ್ಟಿಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ
ಪಾಪ, ಅಲ್ಲಿಂದಲೇ ಮತ್ತೆ ಎಣಿಕೆ.
ಬಸರಾಳಿನ ನಮ್ಮ ಶಾಲೆಯಲ್ಲೂ ಹೀಗೇ,
ದಾಖಲಾತಿ ಪುಸ್ತಕದಲ್ಲಿ ಮಕ್ಕಳೆಲ್ಲ ಜೂನ್ ಒಂದಕ್ಕೆ ಹುಟ್ಟಿದವರು,
ನಾನೂ.

ಹೊಸ ತಂತ್ರಾಂಶಕ್ಕೆ ಜಾಗ ಸಾಲದು. ಒಂದು ಕಡತ ಹೋಗಬೇಕು.
ಮೂರನೆಯದರ ಹೆಸರು: ಮಂಚಯ್ಯ-ಹಳೇದು.

ಮಂಚಯ್ಯನನ್ನು ನಾನು ಕಂಡಿಲ್ಲ. ಕಾವಲಿನ ಕೆಂಪಸಿದ್ದು ಹೇಳಿದ್ದಷ್ಟೆ:
ಕೊತ್ತತ್ತಿ ಕಡೆ ನೀರುಗಂಟಿಯಾಗಿದ್ದವನು,
ಯಾರ ಗದ್ದೆಗೆ ಎಷ್ಟು ಹೊತ್ತು ಎಂದು
ನೆರಳು ನೋಡಿ ಹೇಳುತ್ತಿದ್ದವನು;
ಆಮೇಲೆ ಇಲ್ಲಿ ಅಟೆಂಡರು; ಆಮೇಲೆ, ಬೇರೆ ಯಾರೂ ಮುಟ್ಟದೆ ಹೋಗಿ,
ಈ ಪೆಟ್ಟಿಗೆಯ ಯಜಮಾನ.
"ಅವ್ನಿಗೆ ಇದೂ ಕಾಲುವೆನೇ ಕಣವ್ವ.
ಇದ್ರಲ್ಲೂ ತಿರುವು, ಇದ್ರಲ್ಲೂ ಸರದಿ."

ಬೀರುವಿನ ಬಾಗಿಲ ಒಳಮೈಗೆ ಅವನು ಅಂಟಿಸಿದ ಹಾಳೆ ಇನ್ನೂ ಇದೆ,
ಹಸಿರು ಇಂಕು:
ಡಿರ್ ಅಂದ್ರೆ ಕಣಜ ನೋಡೋದು.
ಮೋರ್ ಅಂದ್ರೆ ಬಿಚ್ಚಿ ಓದೋದು.
ಡಿಲೀಟ್ ಅಂದ್ರೆ ಅಳಿಸೋದಲ್ಲ, ಬರೀ ಗುರುತು ಹಾಕೋದು. ಎದರ್ಬೇಡಿ.
ಅನ್‌ಡಿಲೀಟ್ ಅಂದ್ರೆ ವಾಪಸ್ ಬತ್ತದೆ.
ಸ್ಕ್ವೀಜ್ ಅಂದ್ರೆ
ಮುಂದೆ ಏನೂ ಬರೆದಿಲ್ಲ. ಒಂದು ಅಡ್ಡಗೆರೆ.

ಡಿಲೀಟ್ ಒತ್ತಿದೆ. ಖಾತ್ರಿಯೇ ಎಂದು ಕೇಳಿತು. ಹೂಂ.
ಮತ್ತೆ ಡಿರ್. ಕಡತ ಅಲ್ಲೇ ಇದೆ,
ಪಡಿತರ ಚೀಟಿಯಲ್ಲಿ ಸತ್ತವರ ಹೆಸರಿಗೆ ಎಳೆದ ಗೆರೆಯಂತೆ
ಪಕ್ಕದಲ್ಲೊಂದು ಗುರುತು.
ಜಾಗ ಮಾತ್ರ ಒಂದು ಕಾಳಿನಷ್ಟೂ ಬಿಟ್ಟಿಲ್ಲ,
ಎದ್ದು ಹೋದವರು ಚಾಪೆ ಸುತ್ತದೆ ಹೋದ ಹಾಗೆ.

ಸ್ಕ್ವೀಜ್ ಎಂದು ಬರೆದೆ. ಎಂಟರ್ ಒತ್ತಲಿಲ್ಲ.
ಅಕ್ಷರಗಳನ್ನು ಹಿಂದಿನಿಂದ ಒಂದೊಂದೇ ಕಿತ್ತೆ.
ಅನ್‌ಡಿಲೀಟ್, ಮೂರು.
ಬಂದ.
ಬಂತು, ಅನ್ನಬೇಕು.

ಮೋರ್ ಕೊಟ್ಟು ಬಿಚ್ಚಿದೆ. ಸಾಲು ಸಾಲು ಅಂಕಿ,
ಹುಲಿಕೆರೆ ಸುರಂಗದ ಅಳತೆಗೋಲಿಗೆ ಹೋಗುವ ದಾರಿ,
ಈಗಿಲ್ಲದ ಟವರಿಗೆ ಹೋಗುವ ದಾರಿ,
ಮುಚ್ಚಿಯೇ ಇಟ್ಟ ಎರಡು ಬಾಗಿಲು.
ಎಲ್ಲಕ್ಕಿಂತ ಕೆಳಗೆ, ಕೊನೆ ಭಾಗದ ತೂಬಿನ ಕೊಂಡಿಗೆ
ವಿವರಣೆ ಬರೆಯುವ ಜಾಗದಲ್ಲಿ,
ಇಂಗ್ಲಿಷ್ ಅಕ್ಷರ ತೊಟ್ಟ ಮಂಡ್ಯದ ಮಾತು:
ಇಲ್ಲಿ ನೀರು ತಡ. ಬೈಬೇಡಿ.

ಪರದೆಗೆ ಬೈಯುವ ಚಟ ನನಗಿರುವುದು
ಅವನಿಗೆ ಹೇಗೆ ಗೊತ್ತು?

ಆ ಒಂದು ಸಾಲನ್ನು ಹೊಸ ಕಡತದ ಅದೇ ಜಾಗಕ್ಕೆ ನಕಲು ಮಾಡಿದೆ.
ಪೂರ್ತಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದಿತ್ತು,
ಯಾಕೋ ಕಳ್ಳತನ ಅನ್ನಿಸಿತು.
ಆಮೇಲೆ ಡಿಲೀಟ್. ಆಮೇಲೆ ಸ್ಕ್ವೀಜ್. ಎಂಟರ್.

ಪರದೆಯ ತುಂಬ ಒಂದೇ ಅಕ್ಷರ ನಡೆಯತೊಡಗಿತು:
ಈ ಈ ಈ ಈ ಈ
ಎರೇಸ್ ಎಂಬುದರ ಮೊದಲಕ್ಷರ ಅಂತ ಗೊತ್ತು.
ನನಗೆ ಕೇಳಿದ್ದು ಕನ್ನಡದ ಈ:
ಈ ತೂಬು, ಈ ಗದ್ದೆ, ಈ ಹೊತ್ತು, ಈ ಮನುಷ್ಯ,
ಒಂದೊಂದಕ್ಕೂ ತೋರುಬೆರಳು ಇಟ್ಟು ಇಟ್ಟು ಮುಂದೆ ಹೋಗುತ್ತ.
ನಡುವೆ ಕರೆಂಟು ಹೋಗದಿರಲಿ ಎಂದು ಕೆಂಪಸಿದ್ದು
ಬಾಗಿಲಲ್ಲಿ ನಿಂತು, ಯಾರಿಗೋ, ಕೈ ಮುಗಿದ.

ಹೊಸದು ಏರಿತು. ದೀಪಗಳು ಹಸಿರಾದವು, ಕೊನೆ ಭಾಗದ್ದು ಬಿಟ್ಟು.
ಕಾದೆ. ಬೈಯಲಿಲ್ಲ.
ಮೂರೂಮುಕ್ಕಾಲಿಗೆ ಅದೂ.

ಬಸರಾಳಿನ ಮೊದಲ ಬಸ್ಸಿನಲ್ಲಿ
ಕಂಡಕ್ಟರ್ ಹರಿದುಕೊಟ್ಟ ಚೀಟಿಯ ತಾರೀಖು ನೋಡಿ ನೆನಪಾಯಿತು,
ಗಡಿಯಾರ ಇಡಲೇ ಇಲ್ಲ ನಾನು.
ಅಂದರೆ ಈ ರಾತ್ರಿಯ ಕಡತವೂ ಹುಟ್ಟಿದ್ದು
ಮಾರ್ಚ್ ಒಂದು, ತೊಂಬತ್ತಮೂರು,
ಮಂಚಯ್ಯ ಇನ್ನೂ ಕೊತ್ತತ್ತಿಯ ಏರಿ ಮೇಲೆ, ಸಲಿಕೆ ಹೆಗಲಿಗೆ,
ಸರದಿಗೆ ನಿಂತವರಿಗೆ
ನೆರಳು ನೋಡಿ ಹೊತ್ತು ಹೇಳುತ್ತಿದ್ದ ದಿನ.