ಸ್ಥಿರ ಶುಲ್ಕ

ಬಿಲ್ಲು ಇನ್ನೂ ಮನ್ನಾ ಆಗಿರದ ವರ್ಷ, ಮೇ ತಿಂಗಳು.
ಬಾಗಲಕೋಟೆಯ ನವನಗರದಲ್ಲಿ, ಸೆಕ್ಟರಿನಿಂದ ಸೆಕ್ಟರಿಗೆ
ಕೊರಳಿಗೆ ಮಷೀನು ತೂಗಿಕೊಂಡು ಮೀಟರು ಓದುತ್ತಿದ್ದೆ.
ಗೇಟಿನ ಚಿಲಕ ಮುಟ್ಟಿದರೆ ಕೈ ಚುರ್ ಎನ್ನುವ ಹೊತ್ತು.
ಒಳಗೆ ಯಾರಿದ್ದೀರೆಂದು ಕೂಗಬೇಕಿಲ್ಲ,
ಮೀಟರಿನ ಕೆಂಪು ದೀಪ ಮಿಣುಕುವ ಗತಿಯಲ್ಲೇ ತಿಳಿಯುತ್ತದೆ
ಯಾರಲ್ಲಿ ಕೂಲರು, ಯಾರಲ್ಲಿ ಏಸಿ,
ಯಾರು ಫ್ಯಾನಿನ ಕೆಳಗೆ
ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತ ಮಲಗಿದ್ದಾರೆ.

ಒಂದು ಮನೆಯ ದೀಪ ಮಿಣುಕಲೇ ಇಲ್ಲ.
ಹೋದ ತಿಂಗಳು ಒಂಬತ್ತು ಯೂನಿಟ್ಟು, ಈ ತಿಂಗಳು ಹನ್ನೊಂದು.
ಇಷ್ಟು ಕಡಿಮೆಯಾದರೆ ಮಷೀನು ಕಾರಣ ಕೇಳುತ್ತದೆ:
ಒಂದು, ಮನೆ ಖಾಲಿ. ಎರಡು, ಮೀಟರು ಕೆಟ್ಟಿದೆ. ಮೂರು, ಕಳವು.
ಮೂರರ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ಬಡಿದೆ.

ತೆರೆದವರು ದಾವಲಸಾಬ ಮೇಸ್ತ್ರಿ.
"ಬಾ ಒಳಗ. ಮೊದಲ ನೀರ ಕುಡಿ,
ಆಮ್ಯಾಲ ಕಳ್ಳನ್ನ ಹುಡುಕುವಂತಿ."

ಹೊಸ್ತಿಲು ದಾಟಿದೆ,
ಬೆನ್ನಿನ ಬೆವರು ಅಲ್ಲಲ್ಲೇ ತಣ್ಣಗಾಯಿತು.
ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.
ಪಡುವಣದ ಸಿಮೆಂಟು ಗೋಡೆಗೆ ಒಳಗಿನಿಂದ ಇನ್ನೊಂದು ಗೋಡೆ,
ಊರು ಮುಳುಗುವ ಮೊದಲು ಮೂರು ಟ್ರಿಪ್ಪು
ಟ್ರ್ಯಾಕ್ಟರಿನಲ್ಲಿ ಹೇರಿ ತಂದ ಹಳೇ ಮನೆಯ ಕಲ್ಲು.
ನೆತ್ತಿಯಲ್ಲಿ ಸ್ಲ್ಯಾಬು ಒಡೆದು ಮಾಡಿದ ಬೆಳಕಿಂಡಿ,
ಅದರ ಬಾಯಿಗೆ ತಳವಿಲ್ಲದ ಗಡಿಗೆ.
ಸ್ಲ್ಯಾಬಿನ ಮೇಲೆ ಬೇವಿನ ತಪ್ಪಲು, ಜೋಳದ ದಂಟು,
ದಂಟಿನ ಮೇಲೆ ಗೇಣು ದಪ್ಪ ಸವಳು ಮಣ್ಣು.
"ಭಾರ ಜಾಸ್ತಿ ಆತು, ತಗೀರಿ ಅಂತ ನೋಟೀಸ ಬಂದದ.
ಖರೇನ ಐತಿ. ಅದಕ್ಕ ಈ ತೊಲಿ ಕೊಟ್ಟೀನಿ,"
ಅಂದು ಅಡಿಗೆಮನೆಯ ನಡುವೆ ನಿಂತ ಕಂಬವನ್ನು
ಎತ್ತಿನ ಬೆನ್ನು ತಟ್ಟುವ ಹಾಗೆ ತಟ್ಟಿದರು.

"ಬಾದಾಮ್ಯಾಗ ಬಂಡಿ ಕೊರದು ಒಳಗ ಹೊಕ್ಕವರು
ದೇವರ ಸಲುವಾಗಿ ಹೊಕ್ಕರಂತ. ಇದ್ದೀತು.
ಬ್ಯಾಸಗ್ಯಾಗ ಒಮ್ಮೆ ಆ ಕಂಬಕ್ಕ ಬೆನ್ನ ಹಚ್ಚಿ ಕುಂದ್ರು,
ದೇವರಿಗೂ ಸೆಕಿ ಆಗತಿತ್ತು ಅನಸ್ತದ.
ವಿಜಾಪುರದವರು ಮಹಲಿನ ಸುತ್ತ ನೀರು ನಿಲ್ಲಿಸಿದ್ರು,
ಗಾಳಿ ಕಾಲು ತೊಳಕೊಂಡು ಒಳಗ ಬರಲಿ ಅಂತ.
ನಮ್ಮಪ್ಪನ ಕಡೆ ಬಂಡಿನೂ ಇಲ್ಲ, ಮಹಲೂ ಇಲ್ಲ.
ಕಾಲಾಗಿನ ಮಣ್ಣ ತಗದು ತಲಿಮ್ಯಾಲ ಇಟ್ಟ."

ಚರಿಗೆ ಖಾಲಿಯಾಯಿತು. ಮಷೀನು ಇನ್ನೂ ಕಾರಣ ಕೇಳುತ್ತಿತ್ತು.
ನಾಲ್ಕನೆಯ ಅಂಕಿ ಇರಲಿಲ್ಲ.
ಎರಡನ್ನು ಒತ್ತಿ ಬಿಲ್ಲು ಹರಿದೆ.

ಕನ್ನಡಕ ಹಣೆಗೇರಿಸಿ, ಕಾಗದ ಮೂಗಿನ ಹತ್ತಿರ ತಂದು ಓದಿದರು.
"ಹನ್ನೊಂದಕ್ಕ ಇಷ್ಟ್ಯಾಕೋ?"
ಅದು ಸ್ಥಿರ ಶುಲ್ಕ, ಅಂದೆ.
ಕರೆಂಟು ಸುಡ್ರಿ, ಬಿಡ್ರಿ, ಎಲ್ಲಾರೂ ಕೊಡೂದು.
ಮೇಸ್ತ್ರಿ ಕಿಟಕಿಯತ್ತ ನೋಡಿದರು.
ಅಲ್ಲಿಂದ ಆಲಮಟ್ಟಿಯ ಹಿನ್ನೀರು ಕಾಣುವುದಿಲ್ಲ,
ಎದುರು ಮನೆಯ ಕರೀ ಟಾಕಿ ಕಾಣುತ್ತದೆ.
"ಅದನ್ನ ಆಗಲೇ ತುಂಬೇವಲ್ಲೋ ತಮ್ಮಾ.
ಒಂದು ಊರು."
ಆಮೇಲೆ ಒಳಗೆ ಹೋಗಿ, ಸಕ್ಕರೆ ಡಬ್ಬಿಯಿಂದ
ಚಿಲ್ಲರೆ ಎಣಿಸಿ ತಂದರು. ಆಫೀಸಿನಲ್ಲಿ ಕಟ್ಟಬೇಕೆಂದರೂ
ಕೇಳಲಿಲ್ಲ, ನನ್ನ ಕಿಸೆಗೇ ಹಾಕಿದರು.

ಹೊರಗೆ ಬಂದರೆ ಬಿಸಿಲು ಕೆನ್ನೆಗೆ ಬಡಿಯಿತು.
ಪಕ್ಕದ ಮನೆ: ಆರುನೂರಾ ನಲವತ್ತು ಯೂನಿಟ್ಟು.
ಅವರ ಏಸಿಯ ಡಬ್ಬಿ ಮೇಸ್ತ್ರಿಯ ಗೋಡೆಗೇ ಮುಖಮಾಡಿ
ಮನೆಯೊಳಗಿನ ಬಿಸಿಯನ್ನೆಲ್ಲ ಊದುತ್ತಿತ್ತು.
ನಳಿಗೆಯಿಂದ ಹನಿ ಬೀಳುವ ಜಾಗದಲ್ಲಿ
ಬೀದಿನಾಯಿಯೊಂದು ಹಸಿ ನೆಲ ಕೆದರಿ,
ತನ್ನ ಮೈಯಳತೆಗೆ ಸರಿಯಾಗಿ ಕುಣಿ ತೋಡಿಕೊಂಡು
ಹೊಟ್ಟೆಯನ್ನು ಮಣ್ಣಿಗೆ ಹಚ್ಚಿ ಮಲಗಿತ್ತು.